ಬೆಳಗಿನ ಆಟದ ಹುಡುಗ

ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುತ್ತಿದ್ದ ಜೈತುನಬಿಯ ರಟ್ಟೆ ಹಿಡಿದು ನಾದಿನಿ ಹಜರತಬಿ ಒಳಗೆಳೆದಳು. ಜೈತುನಬಿಯ ಗಂಡ ಇಮಾಮಸಾಬನ ಶವ ಹೊತ್ತ ಜನಾಜಾ ಬೆಳ್ಳಂಬೆಳಗ್ಗೆ ಆಗಷ್ಟೇ ಭಾಂಡುಪಿನ ಆ ಚಾಳಿನ ಮೆಟ್ಟಿಲು ಇಳಿದಿತ್ತು.

"ಎಲ್ಲಿಗೆ ಹೊಂಟಿ ಭಾಬಿ? ಕಬರಸ್ತಾನಕ್ಕ ಹೆಂಗಸರು ಹೋಗ್ತಾರೇನು?"

"ಕಬರಸ್ತಾನಕ್ಕಲ್ಲ. ಟಾಕೀಜಿಗೆ."

ಸುತ್ತ ಕೂತಿದ್ದ ಹೆಂಗಸರ ಬೆರಳಲ್ಲಿ ಜಪಮಣಿ ನಿಂತವು.

"ತಲಿ ಕೆಟ್ಟೈತೇನು? ಗಂಡ ಇನ್ನೂ ಮಣ್ಣಿಗೆ ಮುಟ್ಟಿಲ್ಲ. ಇವತ್ತಿಂದ ನಿನಗ ಇದ್ದತ್. ನಾಕು ತಿಂಗಳ ಮ್ಯಾಲೆ ಈ ಬಾಗಲಾ ದಾಟೂ ಹಂಗಿಲ್ಲ."

"ನಾಳೆ ಶುಕ್ರವಾರ ಆ ಸಿನಿಮಾ ಹೋಗಿಬಿಡತೈತಿ, ಹಜರತ. ಅದರಾಗ ನನ್ನ ಮಗ ಉಸ್ಮಾನ ಅದಾನಂತ."

"ಅಣ್ಣಗ ಕಣ್ಣಾಗ ಪೊರಿ ಬಂದಿತ್ತು. ಮಂದಿ ಮಕ್ಕಳೆಲ್ಲ ಉಸ್ಮಾನನಂಗ ಕಾಣತಿದ್ರು."

ಬಾಗಿಲಾಚೆ ಚಪ್ಪಲಿ ಹುಡುಕುತ್ತಿದ್ದ ಕೊರಗ ತಲೆಯೆತ್ತಿದ. ಇಮಾಮಸಾಬ ಕೆಲಸಕ್ಕಿದ್ದ ಟಾಕೀಜಿನಲ್ಲಿ ಮಷಿನ್ ಓಡಿಸುವ ಆಪರೇಟರ್ ಅವನು.

"ಇವತ್ತೇ ಕೊನೆ ಆಟ ಅಕ್ಕ. ಆ ಹುಡುಗನನ್ನು ಇಮಾಮಣ್ಣ ನನಗೂ ತೋರಿಸಿದ್ದಾರೆ."

"ನೀವು ಉಸ್ಮಾನನ್ನ ನೋಡೇ ಇಲ್ಲಲ್ರೀ. ನಿಮಗೇನು ಗೊತ್ತಾಗಬೇಕು?" ಎಂದಳು ಹಜರತಬಿ.

ಕೊರಗ ಚಪ್ಪಲಿ ಮೆಟ್ಟಿದ. ಜನಾಜಾದ ಹಿಂದೆ ಇಳಿದುಹೋದ.

*

ಫೋರ್ಟ್ ಕಡೆಯ ಆ ಇಂಗ್ಲಿಷ್ ಟಾಕೀಜಿನಲ್ಲಿ ಇಮಾಮಸಾಬ ಗೇಟ್‌ಕೀಪರ್ ಆಗಿದ್ದ. ಬೆಳಗಿನ ಆಟಕ್ಕೆ ಬಂದಿದ್ದ ಆ ಚಿತ್ರದಲ್ಲಿ ಕತೆಯೇ ಇರಲಿಲ್ಲ. ಲಂಡನ್ನಿನ ಮೈದಾನದಲ್ಲಿ ನಾಲ್ವರು ಉದ್ದಗೂದಲಿನವರು ಗಿಟಾರು, ಡ್ರಮ್ಮು ಬಾರಿಸುತ್ತ ಕಿರುಚಿ ಹಾಡುತ್ತಿದ್ದರು. ಎದುರಿಗೆ ಸಾವಿರಾರು ಹುಡುಗರು ತೂಗುತ್ತಿದ್ದರು. ಮೊದಲ ವಾರ ಅವನು ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದ. ಆಮೇಲೊಂದು ದಿನ ಆ ಹುಡುಗರ ನಡುವೆ ಮಗ ಕಂಡನೆಂದು ಹತ್ತಿ ತೆಗೆದ.

"ಇವತ್ತೂ ಕಂಡ," ಎನ್ನುತ್ತಿದ್ದ ರೊಟ್ಟಿ ಮುರಿಯುತ್ತ. "ಡ್ರಮ್ಮು ಜೋರಾದಾಗ ಎರಡೂ ಕೈ ಎತ್ತತಾನ. ಕೂದಲ ಬಿಟ್ಟಾನ ಹುಚ್ಚಪ್ಪ. ಸೊರಗಿಲ್ಲ ಆದರ."

ಹಡಗಿನ ಅಡುಗೆಮನೆಯ ಕೆಲಸಕ್ಕೆಂದು ಹೋದ ಉಸ್ಮಾನ ಲಂಡನ್ನಿನಲ್ಲಿ ಇಳಿದವನು ಹಡಗಿಗೆ ಮರಳಿರಲಿಲ್ಲ. ಅಲ್ಲಿಂದ ಸುದ್ದಿಯೂ ಇಲ್ಲ.

"ಐತವಾರ ಬಾ. ಮ್ಯಾನೇಜರ್‌ಗ ಹೇಳಿ ಪಾಸ್ ಕೊಡಸ್ತೀನಿ."

"ಸೈತಾನರ ಕುಣಿತ ನಾ ಯಾಕ ನೋಡಲಿ? ಮನಿಗೆ ಬಂದರ ನೋಡತೀನಿ."

ಅವಳಿಗಿದ್ದದ್ದು ಬೇರೆ ಹೆದರಿಕೆ. ಹೋಗಿ ನೋಡಿ, ಅವನಲ್ಲ ಎಂದಾದರೆ? ಈಗ ರೊಟ್ಟಿಯ ಜೊತೆಗಾದರೂ ದಿನಾ ಬರುತ್ತಿದ್ದ ಮಗ ಆಮೇಲೆ ಎಲ್ಲಿಂದ ಬರಬೇಕು? ಹೀಗೆ ಗಂಡ ಒಬ್ಬನೇ ನೋಡುತ್ತ ಉಳಿದ.

*

ಮಧ್ಯಾಹ್ನ ಇಳಿಯುವಾಗ ಕೊರಗ ಮತ್ತೆ ಬಂದು, ಬಾಗಿಲಿಗೆ ಕಟ್ಟಿದ್ದ ಪರದೆಯಾಚೆ ನಿಂತ.

"ಅಕ್ಕ, ನಿಮಗೆ ಅಲ್ಲಿಗೆ ಬರ್ಲಿಕ್ಕೆ ಆಗುದಿಲ್ಲ ಅಲ್ವಾ? ಹಾಗೆ ಅವನನ್ನೇ ತಂದೆ."

ಹಜರತಬಿ ಪರದೆಯ ಸಂದಿಯಿಂದ ಕೈಚಾಚಿದಳು. ಗೇಣುದ್ದದ ಫಿಲ್ಮಿನ ತುಂಡು.

"ಯಾ ಅಲ್ಲಾ, ಕದ್ದು ತಂದ್ರೇನು?"

"ಫಿಲ್ಮ್ ಹರಿಯುವುದು, ನಾವು ಕತ್ತರಿಸಿ ಅಂಟಿಸುವುದು, ಅದು ದಿನಾ ಉಂಟು. ಹಾಡು ಒಂಚೂರು ಹಾರಿತು. ಯಾರೂ ಶಿಳ್ಳೆ ಸಹ ಹಾಕ್ಲಿಲ್ಲ."

ಜೈತುನಬಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳುಗುರಿನಂಥ ಚೌಕಗಳು, ಒಂದರ ಕೆಳಗೊಂದು. ಪ್ರತಿಯೊಂದರಲ್ಲೂ ಅದೇ ಹುಡುಗ, ಎತ್ತಿದ ಎರಡು ಕೈ, ತೆರೆದ ಬಾಯಿ. ಭುಜದವರೆಗೆ ಇಳಿದ ಕೂದಲು ಗೋವಿನಜೋಳದ ತೆನೆಯ ಎಳೆಗಳಂತೆ ಹಳದಿ. ಬಿಳಿಯರ ಹುಡುಗ.

ಗಂಡ ಅಷ್ಟೊಂದು ಬೆಳಗು ಕತ್ತಲಲ್ಲಿ ನಿಂತು ನೋಡಿದ್ದು ಇವನನ್ನು.

"ನಮ್ಮವನೇನು ಭಾಬಿ?" ಹಜರತಬಿ ಬಗ್ಗಿದಳು. ಪರದೆಯಾಚೆ ಕೊರಗನೂ ಕಾಯುತ್ತಿದ್ದ.

ಅವಳು ತುಂಡನ್ನು ಇನ್ನಷ್ಟು ಹತ್ತಿರ ಹಿಡಿದಳು.

"ಭಾಳ ಬೆವತಾನ," ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮೇಲಿನ ಚೌಕದಿಂದ ಶುರುಮಾಡಿ, ಒಂದೊಂದರಲ್ಲೂ ಆ ಹಣೆಯನ್ನು ಮೆಲ್ಲಗೆ ಒರೆಸತೊಡಗಿದಳು.