ಒಂದು ವಾರದ ಹಠ

ಸಾವಿನ ಮನೆಯ ಅಂಗಳದಲ್ಲಿ ಟೈಲರ್ ಮೂರನೇ ಸಲ ಕುರ್ಚಿಯಿಂದೆದ್ದ. ಹನ್ನೊಂದಕ್ಕೆ ಅವನಿಗೆ ಆಸ್ಪತ್ರೆಯಲ್ಲಿ ರೇಡಿಯೇಷನ್. ಮೂತ್ರಕೋಶ ತುಂಬಿರಬೇಕೆಂಬುದು ಅಲ್ಲಿಯ ಕಟ್ಟಪ್ಪಣೆ. ಮನೆಯಿಂದಲೇ ಬಾಟಲಿ ನೀರು ಕುಡಿದು ಬಂದಿದ್ದ. ಈಗ ಕೂತರೊಂದು ಕಷ್ಟ, ನಿಂತರೊಂದು ಕಷ್ಟ.

ಒಳಗೆ ಮಲಗಿಸಿದ್ದ ಬಸ್ ಡ್ರೈವರ್ ಅವನಿಗೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಇಬ್ಬರೂ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರು. ಎರಡು ವರ್ಷ ಸುಮ್ಮನಿದ್ದ ಹಾಳು ರೋಗ ಇಬ್ಬರಿಗೂ ಮರಳಿ ವಕ್ಕರಿಸಿತ್ತು. ಆಸ್ಪತ್ರೆಯ ಓಡಾಟದಲ್ಲಿ ಆದ ಪರಿಚಯ, ಹದಿನೆಂಟು ದಿನ ಒಂದೇ ಬೆಂಚಿನಲ್ಲಿ ಪಾಳಿ ಕಾದು ಸ್ನೇಹವಾಗಿತ್ತು.

ಒಳಗಿನಿಂದ ಡ್ರೈವರನ ಹೆಂಡತಿಯ ದನಿ ಕೇಳುತ್ತಿತ್ತು. "ರೇಡಿಯೇಷನ್ ಬೇಡ ಬೇಡ ಅಂದ್ರು. ಗೋಗರೆದು, ಊಟ ಬಿಟ್ಟು ನಾನೇ ಒಪ್ಪಿಸ್ದೆ. ಕೈಯಾರೆ ಕೊಂದೆ."

"ಹಾರ್ಟ್ ನಿಂತಿದ್ದು ಅಕ್ಕಾ. ಡಾಕ್ಟ್ರು ಹೇಳ್ಲಿಲ್ವಾ?" ಎಂದ ಅವಳ ತಮ್ಮ.

"ಅವರು ಇನ್ನೇನು ಹೇಳ್ತಾರೆ? ನಾನು ಸುಮ್ನಿದ್ದಿದ್ರೆ ಇವರು ಇರ್ತಿದ್ರು."

ಟೈಲರ್ ಗಡಿಯಾರ ನೋಡಿದ. ಹತ್ತೂಕಾಲು. ಹೊರಟುಬಿಡಬಹುದಿತ್ತು, ಆದರೆ ಕಾಲೇ ಬರಲಿಲ್ಲ.

*

ಚಿಕಿತ್ಸೆ ಶುರುವಾಗುವುದಕ್ಕೆ ಒಂದು ವಾರ ಮೊದಲು, ಕಿರಣ ಕೂದಲೆಳೆಯಷ್ಟೂ ಅತ್ತಿತ್ತ ಆಗಬಾರದೆಂದು, ಇಬ್ಬರ ಹೊಟ್ಟೆಯ ಮೇಲೂ ಮೂರು ಚುಕ್ಕೆ ಹಚ್ಚೆ ಹಾಕಿದ್ದರು.

"ನಲವತ್ತು ವರ್ಷ ಊರವರ ಬಟ್ಟೆ ಮೇಲೆಲ್ಲ ಗುರುತು ಹಾಕ್ದೆ. ಈಗ ನನ್ನ ಮೇಲೇ ಹಾಕಿದ್ರು ನೋಡು," ಎಂದಿದ್ದ ಟೈಲರ್.

ಡ್ರೈವರ್ ಅಂಗಿ ಇಳಿಬಿಟ್ಟುಕೊಂಡ. "ಮನೇಲಿ ಇದನ್ನ ತೋರಿಸೋ ಹಾಗಿಲ್ಲ ಕಣಯ್ಯ. ನಾನಿನ್ನೂ ಒಪ್ಪಿಲ್ಲ ಅಂದ್ಕೊಂಡಿದಾಳೆ."

"ಯಾಕಯ್ಯ ಈ ನಾಟಕ?"

"ಮೂವತ್ತು ವರ್ಷ ನಾನು ಬಸ್ಸಲ್ಲಿ, ಅವಳು ಮನೇಲಿ. ಈಗ ದಿನಾ ಪಕ್ಕ ಕೂತು, ಕೈ ಹಿಡ್ಕೊಂಡು, ನನಗೋಸ್ಕರ ಒಪ್ಕೊಳ್ರೀ ಅಂತಾಳೆ. ಇನ್ನೊಂದು ವಾರ ಅನ್ನಿಸ್ಕೊತೀನಿ ಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

*

ಟೈಲರ್ ಬಚ್ಚಲು ಎಲ್ಲಿದೆಯೆಂದು ಕೇಳಿ, ಹೋಗಿ ಬಂದ. ಇವತ್ತಿನ ಪಾಳಿ ತಪ್ಪಿದರೆ ತಪ್ಪಲಿ. ಆಮೇಲೆ ಒಳಗೆ ಹೋಗಿ ಅವಳೆದುರು ಕೂತ.

"ಅಮ್ಮಾ, ಅವರು ಯಾವಾಗ ಒಪ್ಪಿದ್ರು?"

"ಮೊದಲ್ನೇ ಸಲ ರೇಡಿಯೇಷನ್‌ಗೆ ಹೋದ್ರಲ್ಲ, ಅದರ ಹಿಂದಿನ ದಿನ."

"ಹೊಟ್ಟೆ ಮೇಲಿನ ಚುಕ್ಕೆ ನೋಡಿದೀರಲ್ಲ? ಅದನ್ನ ಹಾಕಿಸ್ಕೊಂಡಿದ್ದು ಅದಕ್ಕೂ ವಾರ ಮುಂಚೆ. ನಾನೂ ಅಲ್ಲೇ ಇದ್ದೆ. ಅವರು ಯಾವತ್ತೋ ಒಪ್ಪಿ ಆಗಿತ್ತಮ್ಮ. ನೀವು ಕೈ ಹಿಡಿದು ಕೇಳ್ಕೊತಿದ್ರಲ್ಲ, ಅದು ಅವರಿಗೆ ಬೇಕಾಗಿತ್ತು ಅಷ್ಟೇ."

ಅವಳ ಅಳು ಗಕ್ಕನೆ ನಿಂತಿತು. "ನಾನು ಎರಡು ದಿನ ಊಟ ಬಿಟ್ಟಿದ್ದು?"

"ಅದು ನನಗೆ ಗೊತ್ತಿಲ್ಲಮ್ಮ," ಎಂದು ಟೈಲರ್ ತಲೆ ತಗ್ಗಿಸಿದ.

ಅವಳು ಗಂಡನತ್ತ ತಿರುಗಿದಳು. ಬಂದವರೆಲ್ಲ ನೋಡುತ್ತಿದ್ದಂತೆಯೇ ಅವನ ಕಿವಿ ಹಿಡಿದು ಹಿಂಡಿದಳು. "ಕಳ್ಳ! ಒಂದು ಮಾತು ಹೇಳಿದ್ರೆ ಸುಮ್ನೆ ಬಂದು ಕೂರ್ತಿರ್ಲಿಲ್ವಾ ನಾನು?"

"ಅಕ್ಕಾ, ಗಾಡಿ ಬಂತು, ಏಳು," ಎಂದ ತಮ್ಮ.

ಅವಳು ಏಳಲಿಲ್ಲ. ತಣ್ಣಗಾದ ಆ ಕೈಯನ್ನು ಮಡಿಲಿಗೆಳೆದುಕೊಂಡು, ಗಂಡನಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.