ನರ ಕೊಯ್ದ ಮೇಲೆ

ತುಟಿ ನೆಕ್ಕಿಕೊಳ್ಳಲಿಲ್ಲ ಈ ಕಂದು ನಾಯಿ, ಸೂಜಿ ಚುಚ್ಚಿ ಹತ್ತು ನಿಮಿಷವಾಯಿತು, ಜೊಲ್ಲಿಲ್ಲ, ಪಕ್ಕೆ ಎಳೆದುಕೊಳ್ಳುತ್ತಿಲ್ಲ, ಹೋದ ವಾರ ಇದೇ ಔಷಧಕ್ಕೆ ಮೂರೇ ನಿಮಿಷದಲ್ಲಿ ಹಳದಿ ನೀರು ಕಾರಿತ್ತು, ನನ್ನ ಅಂಗಿಯ ತೋಳೆಲ್ಲ ಒದ್ದೆ — ಎಪ್ಪತ್ತೆಂಟನೇ ಇಸವಿಯಿಂದ ಎಂಟು ವರ್ಷ, ಹುಬ್ಬಳ್ಳಿಯ ಈ ಪ್ರಯೋಗಶಾಲೆಯಲ್ಲಿ ನಾಯಿ ಹಿಡಿದು ನಿಲ್ಲುವುದೇ ನನ್ನ ನೌಕರಿ, ವಾಂತಿ ಬರುವ ಮುಂಚೆಯೇ ಕೈಗೆ ಗೊತ್ತಾಗುತ್ತದೆ, ನಮ್ಮೂರು ಮಿಶ್ರಿಕೋಟಿಯ ಮನೆಯಲ್ಲೂ ಗೊತ್ತಾಗುತ್ತದೆ, ಹೆಂಡತಿ ಮೈಲಾರವ್ವ ತುಟಿ ನೆಕ್ಕಿದಳೆಂದರೆ ಬೋಗುಣಿ ಹಿಡಿಯುತ್ತೇನೆ, ಹೊಟ್ಟೆಯ ಗಡ್ಡೆಗೆ ಸೂಜಿ ಹಾಕಿಸಿಕೊಂಡು ಬಂದ ದಿನವೆಲ್ಲ ಹೀಗೆ, ಬೆನ್ನು ನೀವುತ್ತ ಕೂಡುತ್ತೇನೆ, ಬೆನ್ನಲ್ಲಿ ಬರೀ ಎಲುಬು. ನೋಡಿದ್ಯಾ ಹೊಳಬಸಪ್ಪಾ, ಪ್ರಯೋಗ ನಡೆಸುವ ಡಾಕ್ಟರರು ಕನ್ನಡಕ ಹಣೆಗೇರಿಸಿದರು, ಈ ಪೆಪ್ಟೈಡ್ ಔಷಧ ಕರುಳಿನ್ಯಾಗ ನರದ ತುದಿ ಮುಟ್ಟತೈತಿ, ನರಾ ಮಿದುಳಿಗೆ ಸುದ್ದಿ ಒಯ್ತೈತಿ, ಮಿದುಳು ತಿರುಗಿ ಹೊಟ್ಟಿ ಹಿಂಡಸ್ತೈತಿ, ನಾವು ಮೊನ್ನೆ ಈ ನಾಯಿಗೆ ನಡುವ ಆ ನರಾನ ಕೊಯ್ದಿವಿ, ಅದಕ್ಕ ವಾಂತಿ ಇಲ್ಲ. ನನಗೆ ಬಾಯಿ ತಡೆಯಲಿಲ್ಲ, ಸಾಹೇಬ್ರ, ನಮ್ಮಾಕಿಗೂ ಆ ನರಾ ಕೊಯ್ದ್ರ ನಿಂದರತಾವೇನ್ರಿ? ಅವರು ಪೆನ್ನಿಗೆ ಮುಚ್ಚಳ ಹಾಕಿದರು, ವಾಂತಿ ನಿಂದರಬಹುದಪಾ, ಗಡ್ಡಿ ನಿಂದರೂದಿಲ್ಲ. ನಾಯಿ ನನ್ನ ಕೈ ಮೂಸಿ ಬಾಲ ಅಲ್ಲಾಡಿಸಿತು, ಅದಕ್ಕೇನು ಗೊತ್ತು, ನಾಳೆ ಅದರ ಹೊಟ್ಟೆ ಬಗೆದು ನೋಡುತ್ತಾರೆ — ಬಸ್ಸು ಕುಲುಕುತ್ತದೆ, ಡೀಸೆಲ್ ವಾಸನೆ, ಭತ್ತ ಕೊಯ್ದ ಗದ್ದೆ, ಗಡ್ಡಿ ನಿಂದರೂದಿಲ್ಲ, ಮನೆ ಬಂತು, ಹೊಸ್ತಿಲಲ್ಲೇ ಮೈಲಾರವ್ವ, ಎದ್ದು ಕೂತಿದ್ದಾಳೆ, ತಲೆಗೆ ಎಣ್ಣೆ ಕೂಡ ಹಚ್ಚಿಕೊಂಡಿದ್ದಾಳೆ, ಇವತ್ತ ಒಂದೂ ವಾಂತಿ ಆಗಿಲ್ರಿ. ಹೆಂಗ, ಇವತ್ತ ಸೂಜಿ ದಿನ ಅಲ್ಲೇನ? ಸೂಜಿ ಇನ್ನ ಬ್ಯಾಡ ಅಂದ್ರುರಿ ದವಾಖಾನ್ಯಾಗ, ಮತ್ತ ಬರಬ್ಯಾಡ್ರಿ ಅಂದ್ರು, ಅಂದ್ರ ಆರಾಮ ಆತಂತ ಅಲ್ಲೇನ್ರಿ? ನಗುತ್ತಾಳೆ, ಒಸಡು ಬೆಳ್ಳಗೆ. ಅವಳನ್ನು ಕರೆದೊಯ್ದಿದ್ದ ನನ್ನ ತಂಗಿ ದುರ್ಗವ್ವ ಒಲೆಯ ಮುಂದೆ ಕೂತು ನನ್ನತ್ತ ನೋಡುತ್ತಿಲ್ಲ, ಹತ್ತಿರ ಹೋದೆ, ಮಾಡೂದೇನೂ ಉಳಿದಿಲ್ಲಂತ ಅಣ್ಣಾ, ಸೆರಗು ಬಾಯಿಗೆ ಒತ್ತಿಕೊಂಡಳು, ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿದೆ. ಏನಂತಾಳ್ರಿ ದುರ್ಗಿ? ಏನಿಲ್ಲ, ಆರಾಮ ಆಗೇತಂತ ನಿನಗ, ಅಂದವನು ನಾನೇ, ಧ್ವನಿ ನನ್ನದೇ. ಉಣ್ಣುತ್ತಿದ್ದಾಳೆ, ನಾಲ್ಕು ತಿಂಗಳ ಮೇಲೆ, ಝುಣಕ ಹಚ್ಚಿ ರೊಟ್ಟಿ ಮುರಿಯುತ್ತಾಳೆ, ಒಂದು ಪೂರ್ತಿ ಮುಗಿಸಿದಳು, ತಾಟು ನನ್ನತ್ತ ಚಾಚಿದಳು, ಇನ್ನೊಂದ ಹಾಕ್ರಿ, ಬಳೆಗಳು ಮೊಣಕೈವರೆಗೆ ಜಾರಿದವು, ಇನ್ನೊಂದ ಹಾಕ್ರಿ, ಚಾಚಿದ ಕೈ, ಮೊಣಕೈವರೆಗೆ ಜಾರಿದ ಬಳೆ, ಖಾಲಿ ತಾಟು ಹಿಡಿದ ಆ ಕೈ