ಇಪ್ಪತ್ತೆರಡನೆಯ ಲೋಟ

ಮಾವ ಚಹಾ ಕುಡಿಯುವಾಗ ಮೊದಲು ಸುಡುತ್ತಿದ್ದುದು ನಾಲಿಗೆಯಲ್ಲ, ತೋರುಬೆರಳು. ಹುಟ್ಟುತ್ತಲೇ ಕಣ್ಣಿಲ್ಲದವನು. ಲೋಟದ ಅಂಚಿನೊಳಗೆ ಬೆರಳಿಟ್ಟುಕೊಂಡು ಸುರಿಯಬೇಕು, ಬಿಸಿ ತಾಗಿದಾಗ ನಿಲ್ಲಿಸಬೇಕು. ಐವತ್ತು ವರ್ಷ ಹೀಗೇ ನಡೆದಿತ್ತು. ಸುಟ್ಟು ಸುಟ್ಟು ಆ ಬೆರಳಿನ ತುದಿ ಸವೆದ ನಾಣ್ಯದ ಹಾಗೆ ನುಣ್ಣಗಾಗಿತ್ತು.

ಆ ಬೆರಳನ್ನು ನೋಡಿಯೇ ಗುಬ್ಬಿಗೆ ಯೋಚನೆ ಹೊಳೆದದ್ದು. ಗುಬ್ಬಿ ಅವನ ಅಕ್ಕನ ಮಗಳು. ತಾಯಿ ತೀರಿಕೊಂಡ ಮೇಲೆ ಅವನ ಮಗ್ಗುಲಲ್ಲೇ ಬೆಳೆದವಳು, ಈಗ ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲಿದ್ದಳು. ವಿದ್ಯಾರ್ಥಿ ತಂಡಗಳು ಹೊಸದೊಂದು ವಸ್ತುವನ್ನು ತಾವೇ ವಿನ್ಯಾಸ ಮಾಡಿ ತೋರಿಸಬೇಕಾದ ಸ್ಪರ್ಧೆಗೆ ಅವಳ ತಂಡ ಹೆಬ್ಬೆರಳಷ್ಟು ದೊಡ್ಡ ಕ್ಲಿಪ್ಪೊಂದನ್ನು ಮಾಡಿತ್ತು. ಅದನ್ನು ಲೋಟದ ಅಂಚಿಗೆ ಸಿಕ್ಕಿಸಿದರೆ ಎರಡು ತಂತಿಕಾಲುಗಳು ಒಳಗೆ ಇಳಿಬೀಳುತ್ತವೆ. ನೀರು ಆ ಕಾಲುಗಳನ್ನು ಮುಟ್ಟಿದ ಕೂಡಲೇ ‘ಕೀಂ’ ಎಂದು ಕೂಗುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಸಾಕು’.

ತಂಡದಲ್ಲಿ ಮೂವರು. ಬೆಸುಗೆ ಹಾಕುವವನಿಗೆ ಎಲ್ಲರೂ ತಂತಿ ಎನ್ನುತ್ತಿದ್ದರು. ವೇದಿಕೆಯ ಮೇಲೆ ಮಾತಾಡುವವನಿಗೆ ಭಾಷಣ ಎಂದೇ ಹೆಸರು ಬಿದ್ದಿತ್ತು. ಗುಬ್ಬಿ ತಂಡದ ಮುಖ್ಯಸ್ಥೆ. ವಸ್ತುವನ್ನು ಬಳಸಿ ನೋಡಿ ಹೇಳುವ ಕೆಲಸ ಮಾವನದು. ಅವನಿಗಿಂತ ತಕ್ಕವರು ಯಾರಿದ್ದಾರು? ಅವನು ಪಿಯಾನೊಗಳನ್ನು ಶ್ರುತಿ ಮಾಡಿ ಬದುಕುವವನು. ಸಂಗೀತ ಶಾಲೆಯ ಹನ್ನೊಂದು ಪಿಯಾನೊ, ಪ್ರಾರ್ಥನಾ ಮಂದಿರದ ಒಂದು, ಎಲ್ಲಕ್ಕೂ ಅವನ ಕಿವಿಯೇ ಪ್ರಮಾಣ.

ಮೂರು ದಿನ, ದಿನಕ್ಕೆ ಏಳು ಲೋಟ. ಗುಬ್ಬಿ ಕಾಲೇಜಿಗೆ ಹೋದಾಗ ಅವನೊಬ್ಬನೇ ಸುರಿದು ನೋಡುತ್ತಿದ್ದ. ಸಂಜೆ ಅವಳು ಹಾಳೆ ಹಿಡಿದು ಕೂರುತ್ತಿದ್ದಳು.

“ಸದ್ದು ಬಂತಾ ಮಾವ?”

“ಏಳಕ್ಕೆ ಏಳೂ ಬಂತು. ನಿನ್ನ ಯಂತ್ರ ನಿನಗಿಂತ ಜೋರಾಗಿ ಕಿರುಚುತ್ತೆ, ಬರ್ಕೊ.”

ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಭಾಷಣ ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಫಲಕದ ಮೇಲೆ ಬರೆಸಿದ.

ನಾಲ್ಕನೆಯ ದಿನ ಕಾಲೇಜಿನ ವರ್ಕ್‌ಶಾಪಿನಲ್ಲಿ ತಂತಿ ಕ್ಲಿಪ್ಪನ್ನು ಬಿಚ್ಚಿದವನು ಹಾಗೇ ನಾಲಿಗೆ ಕಚ್ಚಿಕೊಂಡ.

“ಅಯ್ಯೋ, ಸೆಲ್ಲು ನನ್ನ ಡಬ್ಬೀಲೇ ಉಳಿದುಬಿಟ್ಟಿದೆ ಕಣೆ. ಬೆಸುಗೆ ಹಾಕೋವಾಗ ತೆಗೆದಿಟ್ಟಿದ್ದೆ.”

“ಅಂದ್ರೆ?”

“ಅಂದ್ರೆ ಈ ಮೂರು ದಿನಾನೂ ಇದು ಮೂಗಿ. ಮಾವ ನಿನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಿರ್ತಾರೆ, ಬಿಡು. ಈಗ ಹಾಕ್ತೀನಲ್ಲ, ಕೂಗುತ್ತೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ.”

ಪ್ರೀತಿಗೆ ಸುಳ್ಳು ಹೇಳುವವನಲ್ಲ ಮಾವ. ಅವಳು ಹಾಡಿದರೆ, ಹಾಡು ಬಿಟ್ಟು ಬೇರೆ ಏನಾದರೂ ಕಲಿ ಎಂದು ಮುಖಕ್ಕೇ ಹೇಳುವವನು.

ಮನೆಗೆ ಬಂದಾಗ ಮಾವ ಕಿಟಕಿಯ ಬಳಿ ಕುಳಿತು ಉಪಕರಣಗಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅವಳು ಮಾತಾಡಲಿಲ್ಲ. ಅವನ ಬೆನ್ನ ಹಿಂದೆ ಮೇಜಿನ ಮೇಲೆ ಲೋಟವಿಟ್ಟು, ಕ್ಲಿಪ್ಪು ಸಿಕ್ಕಿಸಿ, ನೀರು ಸುರಿದಳು. ಅದು ಕೂಗಿತು. ಕಿಟಕಿಯ ಆಚೆ ಮಲಗಿದ್ದ ಬೆಕ್ಕು ಬೆಚ್ಚಿ ಹಾರಿಹೋಯಿತು. ಮಾವ ಒರೆಸುತ್ತಲೇ ಇದ್ದ.

“ಮಾವ,” ಎಂದಳು ಮೆಲ್ಲಗೆ.

“ಓ, ಬಂದ್ಯಾ? ಬೆಕ್ಕಿನ ಹಾಗೆ ಬರ್ತೀಯಲ್ಲ ಮಾರಾಯ್ತಿ.”

“ಯಾವಾಗಿಂದ ಮಾವ?”

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ. ಏನು ಎಂದು ಕೇಳಲಿಲ್ಲ.

“ಎರಡು ವರ್ಷ ಆಯ್ತು. ನಿನ್ನ ಮಾತೆಲ್ಲ ಕೇಳುತ್ತೆ. ಪಿಯಾನೊದ ಮೇಲಿನ ಕೀಚು ಸ್ವರದ ಮನೆಗಳೇ ಒಂದೊಂದಾಗಿ ಬಾಗಿಲು ಹಾಕ್ಕೊಂಡ್ವು. ಮರದ ಸ್ಕೇಲನ್ನ ಹಲ್ಲಲ್ಲಿ ಕಚ್ಚಿ ಪಿಯಾನೊಗೆ ಒತ್ತಿ ಹಿಡೀತೀನಿ. ತಂತಿಯ ನಡುಕ ಹಲ್ಲಿಗೆ ಬರುತ್ತೆ. ಹೇಗೋ ಆಗುತ್ತೆ.”

“ಸಂಗೀತ ಶಾಲೆಯ ಟೀಚರಮ್ಮ ಈ ಸಲ ತೀರ್ಪುಗಾರರಲ್ಲಿ ಒಬ್ಬರು. ನೀನು ವೇದಿಕೆ ಮೇಲೆ ಸುರೀಬೇಕು ಮಾವ.”

“ಸುರೀತೀನಿ. ಇಪ್ಪತ್ತೊಂದು ಸಲ ಸುರಿದು ಆ ಲೋಟದ ಭಾರ ಎಡಗೈಗೆ ಪಾಠ ಆಗಿದೆ. ತುಂಬಿದ ಕೂಡಲೇ ನಿಲ್ಲಿಸ್ತೀನಿ, ಯಾರಪ್ಪನಿಗೂ ಗೊತ್ತಾಗಲ್ಲ. ನಿನಗೆ ಬಹುಮಾನ ಬರುತ್ತೆ, ನನಗೆ ಕೆಲಸ ಉಳಿಯುತ್ತೆ. ಈ ಕೆಲಸ ಬಿಟ್ಟು ನನಗೆ ಏನು ಬರುತ್ತೆ ಹೇಳು?”

ಗುಬ್ಬಿ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಪ್ರತಿ ಸಂಜೆ ಮಾವ ಕೈಮುಗಿದು ನಿಂತು, ‘ಈ ದಿನ ನಾನಾಡಿದ್ದೆಲ್ಲ ನಿನ್ನ ಕಿವಿಗೆ ಬೀಳಲಿ ತಂದೆ’ ಎಂದು ಪ್ರಾರ್ಥನೆ ಮುಗಿಸುವುದು ವಾಡಿಕೆ. ಆ ಸಂಜೆ ಆ ಸಾಲು ಬರಲಿಲ್ಲ. ಪಕ್ಕದಲ್ಲಿ ನಿಂತ ಗುಬ್ಬಿ ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು, ಆಮೇಲೆ ಕಣ್ಣು ತೆರೆದಳು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಮಡಚುವ ಏಣಿ, ಒಂದೇ ಕೈಯಲ್ಲಿ ತೆರೆಯುವ ಡಬ್ಬಿ, ಹೀಗೆ ಒಂದೊಂದು ತಂಡದ್ದು ಒಂದೊಂದು. ಪರದೆಯ ಪಕ್ಕದಲ್ಲಿ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ಸ್ಪರ್ಧೆ ನಡೆಸುವವರಲ್ಲಿ ಒಬ್ಬಾಕೆ ಬಂದು ಗುಬ್ಬಿಯ ಕೈಗೆ ಕಾಗದ ಕೊಟ್ಟು, ಅವಳು ಬರೆದ ಮೇಲೆ ತೆಗೆದುಕೊಂಡು ಹೋದಳು.

“ಅದೇನು ಗರಗರ ಬರೆದೆ?”

“ಸಹಿ ಮಾವ. ಪರೀಕ್ಷೆಯ ವಿವರ ಎಲ್ಲಾ ನಿಜ ಅಂತ.”

“ಯಾರ ಹೆಸರಲ್ಲಿ?”

“ನನ್ನ ಹೆಸರಲ್ಲೇ. ಮುಖ್ಯಸ್ಥೆ ಅಲ್ವಾ.”

ಮಾವ ಅವಳ ಕೈ ಹುಡುಕಿ ಹಿಡಿದ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಚಿಕ್ಕವಳಿದ್ದಾಗ ಎಣಿಕೆ ಕಲಿಸಿದ ಹಾಗೆ. “ಇದು ನನಗೆ ಗೊತ್ತಿರಲಿಲ್ಲ,” ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಅವರನ್ನು ಕರೆದರು. ಭಾಷಣ ಚೆನ್ನಾಗಿಯೇ ಮಾತಾಡಿದ. ಮಾವ ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಜಗ್ಗು ಹಿಡಿದು ಮೇಜಿನ ಹಿಂದೆ ನಿಂತ. ಒಂದು ಕ್ಷಣ ಮುಖ ಮೇಲೆತ್ತಿದ. ಆಮೇಲೆ ಎಡಗೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಭಾರ ತಿಳಿಯುವ ದಾರಿ ಅಲ್ಲಿಗೆ ಮುಗಿಯಿತು. ಗುಬ್ಬಿಗೆ ಅರ್ಥವಾಯಿತು.

ಅವನು ಸುರಿದ. ಕ್ಲಿಪ್ಪು ಕೂಗಿತು, ಕೊನೆಯ ಸಾಲಿನವರಿಗೂ ಕೇಳುವಂತೆ ಕೂಗಿತು. ಅವನು ಸುರಿಯುತ್ತಲೇ ಇದ್ದ. ನೀರು ಲೋಟ ಮೀರಿ ಮೇಜಿನ ಮೇಲೆ ಹರಿಯಿತು, ಅಂಗಿಯ ತೋಳು ತೋಯಿತು, ಅಂಚಿನಿಂದ ತೊಟ್ಟಿಕ್ಕಿತು. ಯಾರೋ “ಸಾಕು, ಸಾಕು!” ಎಂದರು. ಅದು ಕೇಳಿಸಿ ಅವನು ಜಗ್ಗು ಕೆಳಗಿಟ್ಟ.

“ಇನ್ನೂ ಕೂಗ್ತಾ ಇದೆಯಾ ಗುಬ್ಬಿ?”

“ಕೂಗ್ತಾ ಇದೆ ಮಾವ.”

“ನನಗೆ ಕೇಳಿಸ್ತಾ ಇಲ್ಲ ಸ್ವಾಮಿ,” ಎಂದ ಸಭೆಯ ಕಡೆ ತಿರುಗಿ. “ಹಿಂದಿನ ಇಪ್ಪತ್ತೊಂದೂ ಕೇಳಿಸಿಲ್ಲ. ಮಕ್ಕಳಿಗೆ ಸುಳ್ಳು ಹೇಳಿದವನು ನಾನು. ಹಾಳೆ ತಿದ್ದಿಸಿ. ಈ ಹುಡುಗಿಗೆ ಏನೂ ಗೊತ್ತಿರಲಿಲ್ಲ.”

“ಗೊತ್ತಿತ್ತು,” ಎಂದಳು ಗುಬ್ಬಿ. “ಗೊತ್ತಿದ್ದೇ ಸಹಿ ಹಾಕ್ದೆ.”

ತಂತಿ ಮುಂದೆ ಬಂದು ಸೆಲ್ಲು ಕಿತ್ತ ಮೇಲೆಯೇ ಆ ಸದ್ದು ನಿಂತದ್ದು.

ಬಹುಮಾನ ಏಣಿಯವರಿಗೆ ಹೋಯಿತು. ಎಲ್ಲ ಮುಗಿದ ಮೇಲೆ ಟೀಚರಮ್ಮ ಬಂದು ಮಾವನ ಒದ್ದೆ ತೋಳನ್ನು ತಮ್ಮ ಕರವಸ್ತ್ರದಿಂದ ಒತ್ತಿದರು. “ಮೇಲಿನ ಮನೆಗಳು ಸರಿ ಇಲ್ಲ ಅಂತ ಎಷ್ಟೋ ಸಲ ಅನ್ನಿಸ್ತು. ನನಗೇ ವಯಸ್ಸಾಯ್ತು ಅಂತ ನನ್ನ ಕಿವೀನೇ ಬೈಕೊಂಡಿದ್ದೆ ನೋಡಿ,” ಎಂದು ನಗಲು ಹೋದವರು ನಗಲಾಗದೆ ಕರವಸ್ತ್ರ ಹಿಂಡಿದರು.

ಮುಂದಿನ ತಿಂಗಳು ಶಾಲೆಗೆ ಬೇರೊಬ್ಬ ಶ್ರುತಿಗಾರ ಬಂದ. ಟೀಚರಮ್ಮ ಅದನ್ನು ಮನೆಗೇ ಬಂದು ತಿಳಿಸಿ ಹೋಗಿದ್ದರು. ಅವನು ಬಂದ ದಿನ ಸಂಜೆ ಮಾವನೂ ಗುಬ್ಬಿಯೂ ಪ್ರಾರ್ಥನೆಗೆ ಹೊರಟವರು ಶಾಲೆಯ ಬೇಲಿಯ ಬಳಿ ಬಂದಾಗ ಮಾವನೇ ನಿಂತ. ಒಳಗೆ ಹೊಸ ಶ್ರುತಿಗಾರ ಪಿಯಾನೊದ ಒಂದೊಂದೇ ಮನೆ ಒತ್ತಿ ನೋಡುತ್ತಿದ್ದ.

“ಈಗ ಎಲ್ಲಿದ್ದಾನೆ?”

“ಮೇಲಕ್ಕೆ ಹೋದ ಮಾವ. ತುಂಬಾ ಮೇಲೆ.”

“ಸರಿ ಮಾಡ್ತಾ ಇದ್ದಾನಾ?”

ಹೂಂ ಎನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು. “ನನಗೆ ಗೊತ್ತಾಗಲ್ಲ ಮಾವ,” ಎಂದಳು.

ಮಾವ ತಲೆಯಾಡಿಸಿದ. ಬೇಲಿಯ ಮೇಲೆ ಕೈಯಿಟ್ಟುಕೊಂಡು, ತನಗೆ ಕೇಳಿಸದ ಆ ಕೆಲಸ ಮುಗಿಯುವವರೆಗೂ ನಿಂತೇ ಇದ್ದ.

“ನಿಂತಿತಾ?”

“ನಿಂತಿತು.”

“ನಡಿ ಹಾಗಾದರೆ,” ಎಂದು ಅವಳ ಭುಜದ ಮೇಲೆ ಕೈಯಿಟ್ಟ.